ಹುಣಸೆಮರದ ಕಾವಲು

ಸಂಕ್ರಾಂತಿ ಕಳೆದರೂ ಚಿಕ್ಕಮರಿಗೌಡರ ಹಿತ್ತಲ ಹುಣಸೆಮರಕ್ಕೆ ಕೊಕ್ಕರೆಗಳು ಗೂಡು ಕಟ್ಟಲು ಬರಲಿಲ್ಲ. ಪಕ್ಕದ ಮನೆಯ ಮರದಲ್ಲಿ ಆಗಲೇ ಜಾಗ ಸಾಲದೆ ಕಿತ್ತಾಡುತ್ತಿದ್ದವು. ಗೌಡರು ಬೆಳಗಿನಿಂದ ಬೈಗಿನವರೆಗೆ ಮರದ ಬುಡದಲ್ಲೇ ಕೂತು, ಕಾಗೆ ಕಂಡರೆ ತಗಡಿನ ಡಬ್ಬ ಬಡಿಯುತ್ತಿದ್ದರು, ಮಕ್ಕಳು ಹತ್ತಿರ ಸುಳಿದರೆ ಗದರುತ್ತಿದ್ದರು.

"ಕೊಕ್ಕರೆ ಅಂದ್ರೆ ಬಾಣಂತನಕ್ಕೆ ತವರಿಗೆ ಬರೋ ಹೆಣ್ಮಕ್ಕಳಿದ್ದಂಗೆ. ಅವಕ್ಕೆ ನಾನೇನು ಕಮ್ಮಿ ಮಾಡಿದೆ? ಅವು ಬೆದರಬಾರ್ದು ಅಂತ ಹುಣಸೆಹಣ್ಣನ್ನೂ ಉದುರಿಸಲಿಲ್ಲ" ಎಂದು ಸೊಸೆಯ ಮೇಲೆ ಹರಿಹಾಯ್ದರು.

ಕೊನೆಗೆ ರೋಸಿಹೋಗಿ, "ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ" ಎಂದು ತಂಗಿಯ ಊರಿನ ಬಸ್ಸು ಹತ್ತಿದರು.

ಸಂಜೆ ಸೊಸೆಯ ಫೋನು ಬಂತು.

"ಮಾವ, ನೀವು ಅತ್ಲಾಗೆ ಹೋಗಿದ್ದೇ, ಇತ್ಲಾಗೆ ಕೊಕ್ಕರೆ ಬಂದ್ವು. ಮರದ ತುಂಬ ಅವೇ."

"ಈಗಲೇ ಹೊರಟೆ ಕಣಮ್ಮ" ಎಂದು ಗೌಡರು ಚೀಲಕ್ಕೆ ಕೈಹಾಕಿದರು.



"ಬೇಡ ಮಾವ. ಮರಿ ಹಾರೋವರೆಗೂ ನೀವು ಅಲ್ಲೇ ಇರಿ."