ತುಂಬಿದ ಉಡಿ

ಫೋಟೊ ತೆಗೆದಾಯಿತು. ಉಗಾಂಡದ ವಿಜ್ಞಾನಿ ಅಪಿಯೊಳ ಕೈಗೆ ಆಗಷ್ಟೇ ಕೊಟ್ಟಿದ್ದ ರಾಗಿ ಬೀಜದ ಚೀಲವನ್ನು ಸಂಶೋಧನಾ ಕೇಂದ್ರದ ನಿರ್ದೇಶಕ ಅಂಜನ್ ಕುಮಾರ್ ನಗುನಗುತ್ತಲೇ ವಾಪಸ್ ತೆಗೆದುಕೊಂಡರು. ಹೊದಿಸಿದ್ದ ಶಾಲು ಮಾತ್ರ ಅವಳ ಹೆಗಲ ಮೇಲೆ ಉಳಿಯಿತು.

ದಾವಣಗೆರೆಯ ಆ ಸಭಾಂಗಣದ ಮುಂದಿನ ಸಾಲಿನಲ್ಲಿ ನಾಗಕ್ಕ ಎದ್ದು ನಿಂತಳು. ಅತಿಥಿಗೆ ಕೊಡಲೆಂದು ಕಡರನಾಯಕನಹಳ್ಳಿಯ ತನ್ನ ಹೊಲದ ಬೀಜವನ್ನು ಕೇರಿ ತಂದವಳು ಅವಳೇ. ಉಗಾಂಡ, ಕೀನ್ಯಾ, ಇಥಿಯೋಪಿಯಾದವರು ಬೀಜ, ಬುದ್ಧಿ ಎರಡನ್ನೂ ಹಂಚಿಕೊಂಡು ಬೆಂಕಿರೋಗ ತಡೆಯುವ ರಾಗಿ ಬೆಳೆಸಿದ್ದನ್ನು ಅಪಿಯೊ ಸ್ವಲ್ಪ ಮೊದಲು ವಿವರಿಸಿ, ಆ ಬೀಜದ ಪೊಟ್ಟಣವನ್ನೂ ಕೊಟ್ಟಿದ್ದಳು. ಅದು ಆಗಲೇ ನಿರ್ದೇಶಕರ ಕಾರು ಸೇರಿತ್ತು.

"ಯಾಕ್ ಸಾರ್ ಕಸ್ಕಂಡ್ರಿ?"

"ಅದು ಫೋಟೊಗಷ್ಟೇ ಕಣಮ್ಮ. ನಮ್ಮ ಬೀಜ ಹೊರಗೆ ಹೋಗಬಾರದು. ನಿನಗೆ ಅರ್ಥ ಆಗಲ್ಲ."

"ಅವರದ್ದು ಒಳಗೆ ಬರಬಹುದಾ?"

ಅಂಜನ್ ಕುಮಾರ್ ಮೈಕಿನತ್ತ ತಿರುಗಿದರು. ನಾಗಕ್ಕ ವೇದಿಕೆ ಹತ್ತಿ ಅವರ ಕೈಯಿಂದ ಚೀಲ ಕಿತ್ತುಕೊಂಡಳು. ಅಪಿಯೊಳ ಶಾಲಿನ ಎರಡೂ ತುದಿಗಳನ್ನು ಮುಂದಕ್ಕೆಳೆದು ಅವಳ ಕೈಗೇ ಹಿಡಿಸಿ, ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬುವಂತೆ ಬೊಗಸೆ ಬೊಗಸೆ ರಾಗಿ ಸುರಿದಳು. ಚೀಲ ಬರಿದಾಯಿತು. ಅಪಿಯೊ ಶಾಲನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ನಿರ್ದೇಶಕರು ಕೈ ಚಾಚಿದರು. ಸಭೆಯಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತರು.

"ತುಂಬಿದ ಉಡಿ ಸಾರ್ ಅದು," ಎಂದಳು ನಾಗಕ್ಕ. "ಕೈ ಹಾಕ್ರಿ, ನೋಡಾನ."