ಬೈಗುಳವಿಲ್ಲದ ಬೇಡಿಕೆ

ಕೃತಕ ಹೃದಯ ಹಾಕಿಸಿಕೊಂಡವರು ಮತ್ತು ಅವರ ಮನೆಯವರು ಅದರ ಹೊಸ ಆವೃತ್ತಿಯಲ್ಲಿ ಏನೇನಿರಬೇಕೆಂದು ತಯಾರಿಸುವ ಕಂಪನಿಗೆ ಹೇಳಿಕೊಳ್ಳುವ ಸಭೆ ಹುಬ್ಬಳ್ಳಿಯಲ್ಲಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಬೈಗುಳ ಬೆರೆತ ಬೇಡಿಕೆ ದಾಖಲಾಗದಂತೆ ನೋಡಿಕೊಳ್ಳುವುದು ಸಭೆ ನಡೆಸುವ ಶಾಂಭವಿಯ ಕೆಲಸ. ಒಬ್ಬರು ಬಡಿತದ ಸದ್ದು ಕಡಿಮೆಯಾಗಲಿ ಎಂದು ಕೇಳಿ ಕುಳಿತರು.

"ಕೊಲೆಗಡುಕರು ನೀವು," ಎಂದು ಮುದುಕ ಫಕ್ಕೀರಪ್ಪನವರು ಕೂಗಿದರು. ಅವರ ಹೆಂಡತಿಯ ಕೃತಕ ಹೃದಯ, ಅದರ ತಂತ್ರಾಂಶದ ಹಿಂದಿನ ಅಪ್‌ಡೇಟಿನ ನಡುವೆ ನಿಂತುಹೋಗಿತ್ತು.

ಶಾಂಭವಿ ಅವರ ಪಕ್ಕ ಹೋಗಿ ಕುಳಿತಳು. "ಹಿಂಗಂದ್ರ ಬರಕೊಳ್ಳಾಕ ಬರೂದಿಲ್ರೀ ಅಜ್ಜಾರ. ಏನ್ ಬೇಕು, ಅಷ್ಟ ಹೇಳ್ರಿ."

ಅವರು ಬಹಳ ಹೊತ್ತು ತಡವರಿಸಿ, "ಅಪ್‌ಡೇಟ್ ಮಾಡೂಮುಂದ ಹೃದಯ ನಿಲ್ಲದಂಗ ನೋಡ್ಕೊಂಡ್ರ ಭಾಳ ಉಪಕಾರ ಆಗತೈತ್ರಿ," ಎಂದು ಕೈಮುಗಿದರು.

ಶಾಂಭವಿಗೆ ತನ್ನ ಕೆಲಸದ ಬಗ್ಗೆಯೇ ನಾಚಿಕೆಯಾಯಿತು. ಬೇಡಿಕೆ ಬರೆದುಕೊಂಡಳು. ಸಭೆ ನಡೆಸುವವರು ಯಾರ ಪರವನ್ನೂ ವಹಿಸುವಂತಿರಲಿಲ್ಲ. ಆದರೂ ಅದರ ಕೆಳಗೆ, ಬೆಂಬಲಿಸುವವರ ಸಾಲಿನಲ್ಲಿ, ಮೊದಲಿಗೆ ತನ್ನ ಹೆಸರನ್ನೇ ಬರೆದಳು.