ಕೋಳಿಗಳ ಬಿಸಿನೀರು

ಬೆಚ್ಚಗಿನ ಸ್ಟೀಲ್ ಚೊಂಬು ಕೈಗೆ ತಾಗಿದರೆ ನನಗೆ ಇವತ್ತಿಗೂ ವಿದೇಶದಲ್ಲಿ ನಾವಿದ್ದ ಫೆಲ್ಥಮ್‌ನ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಮಂಡ್ಯದಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪನ ತಾಯಿ, ಹಿತ್ತಲಲ್ಲಿ ಕೋಳಿ ಸಾಕಿದ್ದರು. ಚಳಿಗಾಲದಲ್ಲಿ ಅವುಗಳ ಬೋಗುಣಿಯ ನೀರು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅಜ್ಜಿ ಗಳಿಗೆಗೊಮ್ಮೆ ಹೋಗಿ ಮಂಜುಗಡ್ಡೆ ಒಡೆದು, ಬಿಸಿನೀರು ಬೆರೆಸಿ ಬರುತ್ತಿದ್ದರು.

ಅವತ್ತು ಅಮ್ಮ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಡಾಕ್ಟರ್, ಮೈಸೂರಿನವರು, ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ಅವರು ಮೊಟ್ಟೆಯನ್ನೂ ಮುಟ್ಟದವರು. ಅಮ್ಮ ಹೊಸ ಪಾತ್ರೆ ತಂದು ಅಡುಗೆ ಮಾಡಿದ್ದಳು. ಅಜ್ಜಿ ಬಿಸಿನೀರಿನ ಚೊಂಬು ಹಿಡಿದು ಹಿಂಬಾಗಿಲ ಕಡೆ ಹೊರಟಾಗಲೇ ಕೋಳಿಯೊಂದು ಕೂಗಿತು.

"ಕೋಳಿ ಸಾಕಿದೀರಾ?" ಡಾಕ್ಟರ್ ಹೆಂಡತಿ ಕೇಳಿದರು.

"ಅಯ್ಯೋ, ಇಲ್ಲ ರೀ! ಪಕ್ಕದ್ಮನೆಯವ್ರದು," ಅಂದಳು ಅಮ್ಮ. ಆಮೇಲೆ, "ಕೂತ್ಕೊಳ್ಳಿ ಅತ್ತೆ."

ಅಜ್ಜಿ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅಪ್ಪ ತಲೆ ಎತ್ತದೆ ಪಾಯಸ ಬಡಿಸಿದ. ಅತಿಥಿಗಳು ಹೊರಡುವವರೆಗೂ ಅಜ್ಜಿ ಚೊಂಬು ಕೆಳಗಿಡಲಿಲ್ಲ.

ಕಾರು ಹೋದ ಮೇಲೆ ಅಮ್ಮ ಮೆಲ್ಲಗೆ, "ಕೆಟಲ್ ಹಾಕ್ತೀನಿ ಅತ್ತೆ, ನೀರಿಟ್ಟು ಬರ್ತೀರಾ?" ಅಂದಳು.

ಅಜ್ಜಿ ಚೊಂಬಿನ ತಣ್ಣೀರನ್ನು ಸಿಂಕಿಗೆ ಸುರಿದರು.

"ಪಕ್ಕದ್ಮನೆಯೋರ ಕೋಳಿಗೆ ನಾನ್ಯಾಕವ್ವ ನೀರಿಡ್ಲಿ?"